ಹೊಗೆ ಎಣಿಸದ ಸೊಸೆ

ನಮ್ಮ ಮನೆಯ ಎಮ್ಮೆಗರುವನ್ನು ಎಣಿಸಿದ ಹೊಗೆ ನನ್ನ ಸೊಸೆಯನ್ನು ಎಣಿಸಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಕರು ಹುಟ್ಟಿ ಇನ್ನೂ ಕಾಲೂರಿ ನಿಂತಿರಲಿಲ್ಲ, ಅಷ್ಟರಲ್ಲೇ ಹೊಗೆ ಕೊಟ್ಟಿಗೆಗೆ ಬಂದು ಅದರ ಒದ್ದೆ ತಲೆಯನ್ನು ಒಂದು ಸುತ್ತು ಸುತ್ತಿ ಹೋಯಿತು. ಅದೇ ಹೊತ್ತಿನಲ್ಲಿ ನಡುಮನೆಯಲ್ಲಿ ಹೊಸ ಸೀರೆ ಉಟ್ಟು, ಅರಿಸಿನದ ಕೈ ಜೋಡಿಸಿಕೊಂಡು ದೇವೀರಿ ನಿಂತಿದ್ದಳು. ಹೊಗೆ ಅವಳನ್ನು ದಾರಿಗಡ್ಡ ನಿಂತ ಕಂಬದ ಹಾಗೆ ಬಳಸಿಕೊಂಡು ಕಿಟಕಿಯಿಂದ ಆಚೆಗೆ ಹೊರಟುಹೋಯಿತು. ಪುಟ್ಟತಾಯಮ್ಮ ಅಂದರೆ ನಾನು, ಮದುವೆಯಾಗಿ ಬಂದಾಗಿನಿಂದ ಈ ಮನೆಯ ಕೆಂಡ ಊದುತ್ತಿರುವವಳು. ಕರುವನ್ನು ಬಿಟ್ಟು ಹೊಗೆಯ ಹಿಂದೆಯೇ ನಡುಮನೆಗೆ ಓಡಿ ಬಂದ ನನ್ನ ಕಣ್ಣೆದುರಿಗೇ ಅದು ಹೀಗೆ ಮಾಡಿತು.

ನಮ್ಮೂರಲ್ಲಿ ಧೂಪದ ಹೊಗೆ ಸುಮ್ಮನೆ ಮೇಲಕ್ಕೆ ಹೋಗುವುದಿಲ್ಲ. ಸಾಯಂಕಾಲ ದೀಪ ಹಚ್ಚಿ, ಮಣ್ಣಿನ ಬಟ್ಟಲಿಗೆ ಕೆಂಡ ಹಾಕಿ, ಮೇಲೆ ಧೂಪ ಉದುರಿಸಿದರೆ ಅದು ಎದ್ದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನೋಡುತ್ತದೆ. ಒಬ್ಬೊಬ್ಬರ ತಲೆಯನ್ನೂ ಸುತ್ತುತ್ತದೆ. ಎಲ್ಲರೂ ಸಿಕ್ಕಿದ ಮೇಲೆ ಕಿಟಕಿ ದಾಟುತ್ತದೆ. ಒಬ್ಬರು ಬಂದಿಲ್ಲವೆಂದರೂ ಹೊಸ್ತಿಲ ಮೇಲೆ ಕೂತುಬಿಡುತ್ತದೆ, ಕೆಮ್ಮಿ ಕೆಮ್ಮಿ ನಾವು ಸಾಯಬೇಕು. ಅದಕ್ಕೇ ಇಸ್ಪೀಟಾಡುವ ಗಂಡಸರನ್ನು ಹೆಂಗಸರು ಕರೆಯುವುದು ಊಟಕ್ಕಲ್ಲ. ಮಾಳಿಗೆ ಹತ್ತಿ ನಿಂತು "ಹೊಗೆ ಕಾಯ್ತಾ ಅದೆ, ಎದ್ದು ಬನ್ನಿ!" ಎಂದು ಕೂಗುತ್ತಾರೆ. ಮುನಿಸಿಕೊಂಡು ಅಟ್ಟ ಹತ್ತಿ ಕೂತ ಹುಡುಗಿಯರನ್ನು ಹುಡುಕುವ ಕೆಲಸವೇ ನಮಗಿಲ್ಲ, ಹೊಗೆ ಹೋದ ಕಡೆ ಹೋದರೆ ಸಾಕು. ಮೇಗಲ ಬೀದಿಯ ಅಣ್ಣತಮ್ಮ ಇಬ್ಬರು ಜಗಳವಾಡಿ ಮನೆ ನಡುವೆ ಗೋಡೆ ಎಬ್ಬಿಸಿದರು. ಹೊಗೆ ಅವರಿಬ್ಬರ ಗೋಡೆಗೆ ಬೆಲೆಯನ್ನೇ ಕೊಡಲಿಲ್ಲ, ಸೂರಿನ ಸಂದಿಯಿಂದ ನುಗ್ಗಿ ಆ ಕಡೆಯವರನ್ನೂ ಎಣಿಸಿ ಬಂತು. ನಾಚಿಕೆಯಾಗಿ ಗೋಡೆಯಲ್ಲಿ ಒಂದು ಬಾಗಿಲು ಇಟ್ಟುಕೊಂಡರು. ಖಾಸಿಂಸಾಬರ ಮನೆಯ ಲೋಬಾನವೂ ಹೀಗೆಯೇ. ಅವರ ಮಗಳು ದೂರದೂರಿನಿಂದ ಬಾಣಂತನಕ್ಕೆ ಬಂದಾಗ ಹೊಗೆ ಅವಳನ್ನೂ ಸುತ್ತಿತು, ಅವಳ ಹೊಟ್ಟೆಯನ್ನೂ ಬೇರೆಯಾಗಿ ಸುತ್ತಿತು. ಸಾಬರು ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದರು.

ಸತ್ತವರ ವಿಷಯ ಮಾತ್ರ ಹೊಗೆಗೆ ತಡವಾಗಿ ತಿಳಿಯುವುದು. ನಮ್ಮತ್ತೆ ತೀರಿಕೊಂಡ ಮೇಲೆ ಎಷ್ಟೋ ಸಾಯಂಕಾಲ ಅವರ ಮಂಚದ ಹತ್ತಿರ ಹೋಗಿ ತಡಕಾಡಿ ಬರುತ್ತಿತ್ತು. ಒಂದು ದಿನ ಹೋಗಲಿಲ್ಲ. ಅವರು ಸತ್ತ ದಿನವೂ ನಾನು ಅವತ್ತಿನಷ್ಟು ಅತ್ತಿರಲಿಲ್ಲ.

ಈ ಧೂಪ ಅಂಗಡಿಯದ್ದಲ್ಲ. ಊರಾಚೆ ಹೊಳೆ ದಂಡೆಯಲ್ಲಿ ತೋಪಿದೆ, ಅಲ್ಲಿ ಪ್ರತಿ ಮನೆಗೂ ಒಂದು ಮರ. ಬೇಸಿಗೆಯಲ್ಲಿ ತೊಗಟೆಗೆ ಸಣ್ಣ ಗಾಯ ಮಾಡಿ ಬಂದರೆ ಅಂಟು ಒಸರಿ ಗಟ್ಟಿಯಾಗುತ್ತದೆ. ಅದನ್ನು ಕಿತ್ತು ತಂದು ಡಬ್ಬದಲ್ಲಿಟ್ಟುಕೊಳ್ಳುತ್ತೇವೆ. ಅದಕ್ಕೆ ನಾವು ಮಡ್ಡಿ ಅನ್ನುತ್ತೇವೆ. ಒಂದು ಮರದ ಮಡ್ಡಿಯ ವಾಸನೆ ಇನ್ನೊಂದಕ್ಕಿಲ್ಲ. ನಮ್ಮ ಮನೆಯದು ಹುರಿಗಡಲೆಯ ಜೊತೆ ನಿಂಬೆಸಿಪ್ಪೆ ಸುಟ್ಟ ಹಾಗಿರುತ್ತದೆ. ಇನ್ನೊಬ್ಬರ ಮನೆಯ ಮಡ್ಡಿಯನ್ನು ನಮ್ಮ ಕೆಂಡಕ್ಕೆ ಹಾಕಿದಿರೋ, ಆ ಹೊಗೆ ನಮ್ಮ ಮುಖವನ್ನೂ ನೋಡುವುದಿಲ್ಲ, ತನ್ನವರನ್ನು ಹುಡುಕಿಕೊಂಡು ಓಡಿಹೋಗುತ್ತದೆ.

ಹೀಗಿರುವಾಗ ಮನೆಗೆ ಬರುವ ಸೊಸೆಯನ್ನು ಹೊಗೆ ಗುರುತು ಹಿಡಿಯುವುದು ಹೇಗೆ? ಅದಕ್ಕೊಂದು ಕ್ರಮವಿದೆ. ಹುಡುಗಿ ತವರಿನ ಮರದ ಮಡ್ಡಿ ಒಂದು ಉಂಡೆ ತರುತ್ತಾಳೆ. ಮೊದಲ ಸಾಯಂಕಾಲ ಅದನ್ನೂ ನಮ್ಮದನ್ನೂ ಒಂದೇ ಕೆಂಡಕ್ಕೆ ಹಾಕುತ್ತಾಳೆ. ತವರಿನ ಹೊಗೆ ಅವಳನ್ನು ಸುತ್ತಿ, ಗಂಡನ ಮನೆಯ ಹೊಗೆಗೆ ಒಪ್ಪಿಸಿ, ತನ್ನ ದಾರಿ ಹಿಡಿಯುತ್ತದೆ. ಒಪ್ಪಿಸುವುದು ಎಂಥ ಚಂದ ಅಂತೀರಿ! ನಾನು ಬಂದಾಗ ನಮ್ಮಪ್ಪನ ಮನೆಯ ಹೊಗೆ ಹೋಗಲಾರದೆ ಕಿಟಕಿಯ ಹತ್ತಿರ ನಿಂತು ನಿಂತು ಹೋಗಿತ್ತು.

ದೇವೀರಿ ಬಂದ ದಿನ ಇದನ್ನು ನೋಡುವ ಭಾಗ್ಯ ನನಗಿರಲಿಲ್ಲ. ಕೆಂಡ ಸಿದ್ಧಮಾಡಿ ಬಟ್ಟಲನ್ನು ಅವಳ ಮುಂದಿಟ್ಟೆ, ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಎಮ್ಮೆ ಅರಚಿತು. ನಾನೂ ನಮ್ಮ ಯಜಮಾನರೂ ಅತ್ತ ಓಡಿದೆವು. ಕರು ಅಡ್ಡ ಬಂದಿತ್ತು, ನಮ್ಮ ಕೈ ಬಿಡುವಿರಲಿಲ್ಲ. ನಾನು ಅಲ್ಲಿಂದಲೇ "ಹಾಕ್ದೇನವ್ವಾ?" ಎಂದು ಕೂಗಿದೆ. "ಹಾಕ್ದೆ ಅತ್ತೆಮ್ಮ" ಎಂದಳು. ನಡುಮನೆಯಲ್ಲಿ ಅವಳ ಜೊತೆ ಇದ್ದವನು ನನ್ನ ಮಗ ಮಾದಪ್ಪ ಒಬ್ಬನೇ. ಆಮೇಲೆ ಅವನನ್ನು ಕೇಳಿದರೆ, "ಹೊಗೆ ನೋಡ್ಲಿಲ್ಲವ್ವ" ಅಂದ. ಎಲ್ಲಿ ನೋಡುತ್ತಿದ್ದೆಯೋ ಎಂದರೆ ನೆಲ ನೋಡಿ ನಕ್ಕ. ಹಿಟ್ಟಿನ ಗಿರಣಿ ನಡೆಸುತ್ತಾನೆ, ದಿನವೆಲ್ಲ ಕಿವಿ ಗಿವ್ವೆನ್ನುವ ಸದ್ದಿನಲ್ಲಿದ್ದು ಅವನ ತಲೆಯೂ ಸ್ವಲ್ಪ ಹಾಗೆಯೇ ಆಗಿದೆ.

ಮೊದಲ ದಿನ ಎಣಿಸಲಿಲ್ಲ, ಹೋಗಲಿ, ಕರುವಿನ ಗಲಾಟೆಯಲ್ಲಿ ಮರೆತಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಂದ ಮಾದಪ್ಪನನ್ನು ಗುರುತು ಹಿಡಿಯುತ್ತಿತ್ತು. ನಶ್ಯ ಏರಿಸಿ ಸೀನುತ್ತ ಕೂತ ಯಜಮಾನರನ್ನು ಎಣಿಸುತ್ತಿತ್ತು. ದೇವೀರಿಯ ಹತ್ತಿರ ಬಂದ ಕೂಡಲೇ ಓರೆಯಾಗುತ್ತಿತ್ತು. ಅವಳು ದಿನಾ ಸಾಯಂಕಾಲ ಮುಖ ತೊಳೆದು, ಹೂ ಮುಡಿದು, ಬಂದು ನಿಲ್ಲುತ್ತಿದ್ದಳು. ಹೊಗೆ ಹೋದ ಮೇಲೆ ಸೆರಗು ಸರಿಮಾಡಿಕೊಂಡು, "ಅತ್ತೆಮ್ಮ, ಸಾರಿಗೆ ಒಗ್ಗರಣೆ ಹಾಕ್ಲಾ?" ಎಂದು ಕೇಳುತ್ತಿದ್ದಳು. 

ಅವಳು ಎಂಥವಳು ಎಂದು ಹೇಳಿಬಿಡುತ್ತೇನೆ. ಬಂದ ವಾರದಲ್ಲೇ ಕರುವಿಗೆ ಹೊಗೆರಾಣಿ ಎಂದು ಹೆಸರಿಟ್ಟಳು, ತನ್ನನ್ನು ಎಣಿಸದ ಹೊಗೆ ಅದನ್ನು ಎಣಿಸಿತು ಎಂಬ ಹೊಟ್ಟೆಕಿಚ್ಚು ಒಂದು ಸಾಸಿವೆಯಷ್ಟೂ ಇಲ್ಲ. ನಗಲು ಶುರುಮಾಡಿದರೆ ಕೂತಲ್ಲಿ ಕೂರಲಾರಳು. ಯಜಮಾನರ ನಶ್ಯದ ಡಬ್ಬಿಗೆ ಮೆಣಸಿನ ಪುಡಿ ಬೆರೆಸುತ್ತೇನೆ ಎಂದು ಹೆದರಿಸಿ ಅವರ ನಶ್ಯವನ್ನು ಅರ್ಧಕ್ಕೆ ಇಳಿಸಿದಳು, ನನ್ನ ಕೈಲಿ ಆಯುಷ್ಯವೆಲ್ಲ ಆಗದ ಕೆಲಸ. ಅವಳು ಮಾಡಿದ ಹುರುಳಿ ಬಸ್ಸಾರನ್ನು ಉಂಡ ಮೇಲೆ ನಾನು ಮಾಡಿದ್ದನ್ನು ನಾನೇ ಉಣ್ಣಲಾರದಂತಾಯಿತು. ಇಂಥ ಹುಡುಗಿಯನ್ನು ಬೇಡವೆನ್ನುವ ಹೊಗೆಗೆ ಏನೆನ್ನಬೇಕು? ಒಂದು ಸಾಯಂಕಾಲ ನಾನು ಮೊರ ತೆಗೆದುಕೊಂಡು ಬೀಸಿ ಬೀಸಿ ಅದನ್ನು ಅವಳ ಕಡೆಗೆ ತಳ್ಳಿದೆ. ತಪ್ಪಿಸಿಕೊಂಡು ಅಟ್ಟ ಹತ್ತಿತು. ನನ್ನ ಹಳೇ ಸೀರೆ ಉಡಿಸಿ ನನ್ನ ಜಾಗದಲ್ಲಿ ನಿಲ್ಲಿಸಿದೆ. ಹಿತ್ತಲಲ್ಲಿ ಅಡಗಿದ್ದ ನನ್ನನ್ನು ಹುಡುಕಿಕೊಂಡು ಬಂತು. "ಬುಡೆ, ಅದಕ್ಕೂ ವಯಸ್ಸಾಯ್ತು, ಕಣ್ಣು ಮಂಜಾಗಿರಬೇಕು" ಎಂದರು ಯಜಮಾನರು. ಕರು ಹೇಗೆ ಕಂಡಿತು ಮತ್ತೆ?

ಈ ಸಂಗತಿ ಹೊರಗೆ ಬೀಳದ ಹಾಗೆ ನೋಡಿಕೊಳ್ಳೋಣವೆಂದರೆ ಪಕ್ಕದ ಮನೆಯ ಹೊಂಬಾಳಮ್ಮ ಬಿಡಬೇಕಲ್ಲ. ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಬಂದು "ಒಂದು ಹಿಡಿ ಹುಣಿಸೆಹಣ್ಣು ಕೊಡೆ ಪುಟ್ಟತಾಯಿ" ಎಂದು ನಡುಮನೆಗೆ ಕತ್ತು ಚಾಚುತ್ತಿದ್ದಳು.

"ದಿನಾ ಹುಣಿಸೆಹಣ್ಣು ಒಯ್ತೀಯಲ್ಲ, ನಿಮ್ಮನೇಲಿ ಯಾರಿಗೇ ಬಯಕೆ?" ಎಂದೆ ಒಂದು ದಿನ.

"ಅಯ್ಯೋ, ಬಯಕೆ ನಿಮ್ಮನೇಲಿ ಆಗ್ಬೇಕು ಕಣವ್ವ. ಮಡ್ಡಿಹಬ್ಬ ಹತ್ರ ಬಂತು. ಹೊಗೆ ಇನ್ನೂ ಸೊಸೆ ತಲೆ ಮುಟ್ಟಿಲ್ವಂತೆ?"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು, ನಾನೇ ನೋಡ್ದೆ" ಎಂದು ಹುಣಿಸೆಹಣ್ಣು ಸೆರಗಿಗೆ ಕಟ್ಟಿಕೊಂಡು ನಡೆದಳು. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ, ಅದೇ ನನಗೆ ಉರಿ.

ಮಡ್ಡಿಹಬ್ಬ ಬರುವುದು ಬೇಸಿಗೆಯ ಮೊದಲಿಗೆ, ಮರಗಳಿಗೆ ಗಾಯ ಮಾಡುವ ಮುಂಚೆ. ಅವತ್ತು ಎಲ್ಲರೂ ತೋಪಿಗೆ ಹೋಗಿ ತಮ್ಮ ತಮ್ಮ ಮರದ ಕೆಳಗೆ ಧೂಪ ಹಾಕುತ್ತಾರೆ. ಆ ವರ್ಷ ಬಂದ ಸೊಸೆಯರು ಎಲ್ಲರೆದುರಿಗೆ ಗಂಡನ ಮನೆಯ ಮಡ್ಡಿಯನ್ನು ತಮ್ಮ ಕೈಯಾರೆ ಕೆಂಡಕ್ಕೆ ಹಾಕಬೇಕು. ಹೊಗೆ ಸುತ್ತಿದರೆ ಸೊಸೆ ಮನೆಯವಳು. ಸುತ್ತದಿದ್ದರೆ ತೋಪಿನ ಪೂಜೆ ಮಾಡುವ ತಮ್ಮಡಿ ಬಂಗಾರಯ್ಯ ಹುಡುಗಿಯ ಕೈಗೆ ಎಲೆಅಡಿಕೆ ಕೊಟ್ಟು "ತವರಿಗೆ ಹೋಗಿ ಬಾ ಮಗಳೆ" ಅನ್ನುತ್ತಾರೆ. ಹೋಗಿ ಬಾ ಅನ್ನುವುದು ಮಾತಿಗೆ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ದೇವೀರಿಗೆ ಹೋಗಲು ತವರಾದರೂ ಎಲ್ಲಿತ್ತು? ಅವರದು ಹೊಳೆಯಾಚೆಯ ಬೀದಿ. ಮದುವೆಯ ಹಿಂದಿನ ವರ್ಷ ಅವಳ ತಾಯಿ ಕೆಂಪಾಜಿ ತೀರಿಕೊಂಡಿದ್ದಳು. ಅದೇ ವರ್ಷ ಅವರ ಮರ ಒಣಗಿ ಒಂದು ಗಾಳಿಗೆ ಬುಡಸಮೇತ ಬಿತ್ತು. ಮಗಳನ್ನು ಧಾರೆಯೆರೆದು ಕೊಟ್ಟ ಮೇಲೆ ತಂದೆ ಮನೆಗೆ ಬೀಗ ಹಾಕಿ ತಂಗಿಯ ಮನೆ ಸೇರಿಕೊಂಡರು. ಅಲ್ಲಿನ ಹೊಗೆಗೆ ಅವರು ನೆಂಟರೇ, ಸಾಯಂಕಾಲ ಆ ಮನೆಯವರೆಲ್ಲ ಒಳಗೆ ಸೇರಿದಾಗ ಅವರು ಜಗಲಿಗೆ ಬಂದು ಕೂರುತ್ತಾರಂತೆ. ಮಗಳೂ ಹೋಗಿ ಆ ಜಗಲಿಯಲ್ಲಿ ಅವರ ಪಕ್ಕ ಕೂರಬೇಕೇ? 

ನನಗೊಂದು ಚಾಳಿಯಿದೆ, ಬಟ್ಟೆ ಒಗೆಯುವುದು. ಒಮ್ಮೆ ಉಟ್ಟ ಸೀರೆಯನ್ನು ಒಗೆಯದೆ ಮತ್ತೆ ಮೈಗೆ ಸೋಕಿಸುವವಳಲ್ಲ ನಾನು. "ಸುಮ್ನೆ ನಿಂತಿರಬೇಡಿ, ಒಗೆದು ಒಣಗಾಕ್ಬುಡ್ತಾಳೆ" ಎಂದು ಯಜಮಾನರು ನೆಂಟರಿಗೆ ಹೇಳುತ್ತಾರೆ. ಚಿಂತೆಯಾದರಂತೂ ನನ್ನ ಕೈಗೆ ತಡೆಯೇ ಇಲ್ಲ. ಹಬ್ಬಕ್ಕೆ ಇನ್ನು ಸ್ವಲ್ಪ ದಿನವಿದೆ ಅನ್ನುವಾಗ ಮನೆಯ ಕಂಬಳಿ, ಜಮಖಾನ, ಗೋಣಿಚೀಲ ಏನನ್ನೂ ಬಿಡದೆ ಒಗೆಯುತ್ತಿದ್ದೆ. ದೇವೀರಿ ಎಲ್ಲವನ್ನೂ ತಂದು ಹಾಕುವವಳು ತನ್ನ ದಿಂಬಿನ ಚೀಲವನ್ನು ಮಾತ್ರ ಕೊಡುತ್ತಿರಲಿಲ್ಲ. ಕೇಳಿದರೆ "ಕೊಳೆಯಾಗಿಲ್ಲ ಅತ್ತೆಮ್ಮ" ಅನ್ನುತ್ತಿದ್ದಳು. ದಿಂಬು ಕೊಳೆಯಾಗದೆ ಇರುತ್ತದೆಯೇ? ಅವಳು ಹುಲ್ಲು ತರಲು ಹೋದಾಗ ನಾನೇ ಹೋಗಿ ಚೀಲ ಕಳಚಿ, ಒಗೆಯುವ ಕಲ್ಲಿನ ಮೇಲೆ ಕೊಡವಿದೆ. ಬಟ್ಟೆಯಲ್ಲಿ ಸುತ್ತಿದ ಒಂದು ಉಂಡೆ ಟಪ್ಪೆಂದು ಕಲ್ಲಿನ ಮೇಲೆ ಬಿತ್ತು.

ಬಿಚ್ಚಿ ನೋಡಿದರೆ ಮಡ್ಡಿ. ನಮ್ಮದಲ್ಲ. ನಮ್ಮದು ಜೇನಿನ ಬಣ್ಣ, ಇದು ಕಪ್ಪಿಗೆ ಹತ್ತಿರದ ಕೆಂಪು. ಮೂಗಿಗೆ ಹಿಡಿದೆ. ಮಳೆ ಬಂದು ನಿಂತ ಮೇಲೆ ಬಾವಿಕಟ್ಟೆಯ ಹತ್ತಿರ ಒಂದು ತಂಪು ವಾಸನೆ ಬರುತ್ತದಲ್ಲ, ಹಾಗಿತ್ತು. ಅದರ ಹಿಂದೆ ಎಲ್ಲೋ ಸ್ವಲ್ಪ ಏಲಕ್ಕಿ. ನನಗೆ ಕೂಡಲೇ ಗೊತ್ತಾಯಿತು. ಮೊದಲು ಬಂದದ್ದು ಕೋಪವೇ, ಸುಳ್ಳೇಕೆ ಹೇಳಲಿ. ಹುಲ್ಲಿನ ಹೊರೆ ಹೊತ್ತು ಬಂದವಳ ಮುಂದೆ ಅಂಗೈ ಚಾಚಿದೆ.

"ಇದೇನೇ ಇದು?"

ಅವಳು ಹೊರೆ ಇಳಿಸಲೂ ಇಲ್ಲ, ಹಾಗೇ ನಿಂತಳು. "ನಮ್ಮ ಮರದ್ದು ಅತ್ತೆಮ್ಮ."

"ಅವತ್ತು ಹಾಕ್ದೆ ಅಂದೆ?"

"ಹಾಕ್ದೆ. ಇದಲ್ಲ, ನಮ್ಮ ಬೀದಿ ಬಳೆಗಾರ್ರ ಮನೇದು. ಕೇಳಿ ಇಸ್ಕೊಂಡು ಬಂದಿದ್ದೆ. ಕಿಟಕಿಯಿಂದ ಓಡ್ಹೋಯ್ತು. ಹೊಳೆ ದಾಟಿ ಅವರ ಮನೆಗೇ ಹೋಯ್ತಂತೆ, ಅವತ್ತು ಅವರನ್ನ ಎರಡೆರಡು ಸಲ ಎಣಿಸ್ತಂತೆ." ಅಂಥ ಹೊತ್ತಿನಲ್ಲೂ ಅವಳ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ಆಮೇಲೆ ಮುಖ ಮುದುಡಿತು. "ಮರ ಬಿದ್ದ ಮೇಲೆ ಉಳಿದಿದ್ದು ಇದೊಂದೇ ಉಂಡೆ. ಇದನ್ನ ಸುಟ್ರೆ ನಮ್ಮವ್ವನ ಮನೆ ವಾಸನೆ ಮುಗೀತು. ಇನ್ನು ಯಾವತ್ತೂ ಬರಕ್ಕಿಲ್ಲ. ರಾತ್ರಿ ಕೆನ್ನೆ ಕೆಳಗೆ ಇಟ್ಕೋತೀನಿ ಅತ್ತೆಮ್ಮ, ನಿದ್ದೆ ಬತ್ತದೆ."

ಹುಲ್ಲಿನ ಹೊರೆಯನ್ನು ನಾನೇ ಇಳಿಸಿದೆ. ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ. ನಮ್ಮ ಹೊಗೆಯದೇನೂ ತಪ್ಪಿರಲಿಲ್ಲ, ಪಾಪ. ಒಪ್ಪಿಸುವವರು ಬರದೆ ಅದಾದರೂ ಹೇಗೆ ಕೈ ಹಿಡಿಯಬೇಕು? ಅದನ್ನು ಮೊರದಲ್ಲಿ ಹೊಡೆದೆನಲ್ಲ ಎಂದು ಸಂಕಟವೂ ಆಯಿತು.

"ಅರ್ಧ ಮುರಿದು ಹಾಕಿದ್ರೆ ಆಗಲ್ವಾ?" ಎಂದು ಕೇಳಿದಳು.

"ಗಾಣದ ಮನೆ ಸೊಸೆ ಹಂಗೇ ಮಾಡಿದ್ಲು. ಬಹಳ ವರ್ಷ ಹೊಗೆ ಅವಳ ಎಡಗೈ ಒಂದನ್ನೇ ಎಣಿಸ್ತಿತ್ತು."

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತೆವು. ಸುಡು ಎಂದು ಹೇಳುವ ಹಕ್ಕು ಅತ್ತೆಗಿದೆ, ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಆ ಉಂಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಆ ಮಾತನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ಬೆಣಚುಕಲ್ಲಿನಷ್ಟೂ ದಪ್ಪವಿಲ್ಲ ಅದು, ಅವಳ ಕೆನ್ನೆ ತಗುಲಿ ತಗುಲಿ ಒಂದು ಕಡೆ ನುಣ್ಣಗಾಗಿತ್ತು.

"ತಗೋ, ಒಳಗಿಟ್ಕೋ. ಸುಡ್ಬೇಡ" ಎಂದೆ.

"ಹಬ್ಬದ ದಿನ?"

"ಹೋಗೋಣ. ಬಂಗಾರಯ್ಯ ಎಲೆಅಡಿಕೆ ಕೊಡ್ಲಿ. ಅವನು ಹೋಗಿ ಬಾ ಅಂದ್ರೆ ನಾನೂ ನಿನ್ನ ಜೊತೆ ಹೊರಡ್ತೀನಿ. ಹೊಳೆಯಾಚೆ ನಿಮ್ಮನೆ ಬೀಗ ತೆಗೆಸೋಣ. ಕಸ ಗುಡಿಸಿ ಒಲೆ ಹೂಡಿದ್ರೆ ಅದೂ ಮನೆ ತಾನೆ? ನಿಮ್ಮಪ್ಪನ್ನೂ ಕರ್ಕೊಳ್ಳೋಣ, ಆ ಜಗಲಿ ಮೇಲೆ ಎಷ್ಟು ದಿನ ಕೂತಿರ್ತಾರೆ."

ಕೊಟ್ಟಿಗೆಯಿಂದ ಯಜಮಾನರ ದನಿ ಬಂತು. ಅವರು ಅಲ್ಲೇ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. "ನನಗೆ ಮುದ್ದೆ ತಿರುವೋರು ಯಾರು?"

"ನಿಮ್ಮ ಹೊಗೆ ತಿರುವ್ತದೆ, ಕೇಳಿ" ಎಂದೆ.

ಅವರು ಹೊರಗೆ ಬಂದು, ನಮ್ಮಿಬ್ಬರನ್ನೂ ನೋಡಿ, ನಶ್ಯದ ಡಬ್ಬಿಯನ್ನು ತೆಗೆದು ಮತ್ತೆ ಒಳಗಿಟ್ಟರು. "ಎಮ್ಮೇನೂ ಹೊಡ್ಕೊಂಡು ಬರ್ತೀನಿ ಬುಡು. ಅಲ್ಲಿ ಹುಲ್ಲು ಚೆನ್ನಾಗದೆ" ಎಂದರು.

ಹಬ್ಬದ ದಿನ ಇಳಿಹೊತ್ತಿಗೆ ತೋಪು ತುಂಬಿತ್ತು. ನಾನು ಅವತ್ತೇ ಮಡಿಕೆ ಬಿಚ್ಚಿದ ಹೊಸ ಹತ್ತಿಸೀರೆ ಉಟ್ಟಿದ್ದೆ, ಬಿಳಿಗೆ ಹಸಿರು ಅಂಚಿನದು. ಕಣ್ಣಲ್ಲಿ ನೀರು ಬಂದರೆ ಹೊಂಬಾಳಮ್ಮನ ಎದುರಿಗೆ ಬರಬಾರದೆಂದು ಬೆಳಗಿನಿಂದ ಮಾತು ಕಡಿಮೆ ಮಾಡಿದ್ದೆ. ಮನೆಯಲ್ಲಿ ಗಂಟುಮೂಟೆ ಕಟ್ಟಿಟ್ಟೇ ಬಂದಿದ್ದೆವು. ಮಾದಪ್ಪ ಗಿರಣಿಯ ಬೀಗದಕೈಯನ್ನು ತಾಯಿತದ ಹಾಗೆ ಕೊರಳಿಗೆ ಹಾಕಿಕೊಂಡು, ಹೆಂಡತಿಯ ಪಕ್ಕ ಬಿಟ್ಟು ಅಲ್ಲಾಡದೆ ನಿಂತಿದ್ದ. ನಮಗಿಂತ ಮೊದಲು ಅಕ್ಕಸಾಲಿಗರ ಹೊಸ ಸೊಸೆಯ ಸರದಿ. ಅವರ ಹೊಗೆ ಆ ಹುಡುಗಿಯನ್ನು ನಾಯಿಮರಿಯ ಹಾಗೆ ಸುತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಬಂಗಾರಯ್ಯ ನಮ್ಮ ಮರದ ಕೆಳಗೆ ಬಂದು ನಿಂತರು. ಬಿಳಿಗಡ್ಡದ ಸಾಧು ಮನುಷ್ಯ. ಅವರ ಕೈಯಲ್ಲಿ ಎಲೆಅಡಿಕೆ ತಟ್ಟೆಯಿತ್ತು.

ದೇವೀರಿ ಬಟ್ಟಲ ಮುಂದೆ ಕೂತಳು. ನಮ್ಮ ಡಬ್ಬದಿಂದ ಮಡ್ಡಿ ತೆಗೆದು ಕೆಂಡಕ್ಕೆ ಉದುರಿಸಿದಳು. ನಮ್ಮ ಹೊಗೆ ಎದ್ದು ಯಜಮಾನರನ್ನು ಸುತ್ತಿತು, ಮಾದಪ್ಪನನ್ನು ಸುತ್ತಿತು, ನನ್ನನ್ನು ಸುತ್ತಿತು, ಅವಳ ಹತ್ತಿರ ಬಂದು ಎಂದಿನಂತೆ ಓರೆಯಾಯಿತು. ಜನರ ನಡುವೆ ಗುಸುಗುಸು ಎದ್ದಿತು. ಆಗ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಗಂಟು ಬಿಚ್ಚಿದಳು.

"ಬ್ಯಾಡ ಕಣೆ!" ಎಂದು ಕೂಗಿ ನಾನು ಮುಂದೆ ಹೋಗುವಷ್ಟರಲ್ಲಿ ಉಂಡೆ ಕೆಂಡದ ಮೇಲಿತ್ತು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ನೀವು ಸುಡು ಅಂದಿದ್ರೆ ಸುಡ್ತಿರ್ಲಿಲ್ಲ ಅತ್ತೆಮ್ಮ" ಎಂದಳು.

ಅದು ಕೂಡಲೇ ಹೊತ್ತಲಿಲ್ಲ. ಕೆಂಡದ ಮೇಲೆ ಬೆವರಿತು, ಕರಗಿತು, ಆಮೇಲೆ ನೀಲಿಯಾಗಿ, ತೆಳ್ಳಗೆ ಎದ್ದಿತು. ಆ ಬಾವಿಕಟ್ಟೆಯ ವಾಸನೆ ತೋಪಿಗೆಲ್ಲ ಹರಡಿತು. ಹೊಳೆಯಾಚೆಯ ಬೀದಿಯವರು ಕೆಲವರು "ಕೆಂಪಾಜಿ ಮನೇದು, ಕೆಂಪಾಜಿ ಮನೇದು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೊಗೆ ದೇವೀರಿಯನ್ನು ಸುತ್ತಿತು. ಒಂದು ಸುತ್ತಲ್ಲ, ಎಷ್ಟು ಸುತ್ತಿತೋ. ಜಡೆಯೊಳಗೆ ನುಗ್ಗಿತು, ಕಿವಿಯ ಹಿಂದೆ ಹೋಯಿತು, ಮುಂಗೈಯ ಬಳೆಗಳ ನಡುವೆ ಸುಳಿಯಿತು. ಅವಳು ಕಣ್ಣು ಮುಚ್ಚಿಕೊಂಡು ಮುಖವನ್ನು ಅದಕ್ಕೆ ಕೊಟ್ಟು ಕೂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಅವಳ ತಂದೆ ನಿಂತಿದ್ದರು. ಹೊಗೆ ಅಲ್ಲಿಗೂ ಹೋಗಿ ಅವರ ಬಕ್ಕತಲೆಯನ್ನು ಸುತ್ತಿತು. ಆ ಮನುಷ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಇನ್ನೇನು, ನಮ್ಮ ಹೊಗೆಗೆ ಒಪ್ಪಿಸಿ ಹೊರಡುತ್ತದೆ ಅಂದುಕೊಂಡೆ. ಕ್ರಮ ಇರುವುದೇ ಹಾಗೆ. ನಮ್ಮದು ಕೊಂಬೆಯ ಕೆಳಗೆ ಕಾದು ನಿಂತೂ ಇತ್ತು. ಆ ನೀಲಿ ಹೊಗೆ ಅದರ ಕಡೆಗೆ ಹೋಗಲಿಲ್ಲ. ತಿರುಗಿ ನನ್ನ ಕಡೆಗೆ ಬಂತು.

ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅದೂ ಸರಿಯಿತು. ಒಂದು ಮನೆಯ ಹೊಗೆ ಇನ್ನೊಂದು ಮನೆಯವರನ್ನು ಎಣಿಸಿದ್ದನ್ನು ನಮ್ಮೂರಲ್ಲಿ ಹುಟ್ಟಿದವರು ಯಾರೂ ಕಂಡಿಲ್ಲ, ಕೇಳಿಲ್ಲ. ನನ್ನ ನೆತ್ತಿಯ ಮೇಲೆ ತಂಪಾಯಿತು. ಹೊಗೆ ನನ್ನ ತಲೆಯನ್ನು ಸುತ್ತಿ, ಹೆಗಲಿಗಿಳಿದು, ಸೆರಗಿನೊಳಗೆ ಹೊಕ್ಕು ಅಲ್ಲೇ ನಿಂತಿತು. ಕೆಂಪಾಜಿ ಬದುಕಿದ್ದಾಗ ನಾನು ಅವಳನ್ನು ಒಂದು ಸಲವೂ ಮಾತಾಡಿಸಿರಲಿಲ್ಲ, ಸಂತೆಯಲ್ಲಿ ಎಲ್ಲೋ ಮುಖ ನೋಡಿದ್ದೆನಷ್ಟೆ. ಅವಳ ಮನೆಗೆ ಹೋಗಿ ಕಸ ಗುಡಿಸಿ ಒಲೆ ಹೂಡುತ್ತೇನೆ ಎಂದು ಬಾಯಿಮಾತಿಗೆ ಹೇಳಿದ್ದಲ್ಲ ನಾನು, ಗಂಟು ಕಟ್ಟಿದ್ದೆ. ಅವಳ ಮನೆಯ ಹೊಗೆಗೆ ನಾನು ಹೊರಗಿನವಳಾಗಿ ಉಳಿದಿರಲಿಲ್ಲ.

"ಇದ್ದಾಳೆ ಕಣವ್ವ" ಎಂದೆ ಹೊಗೆಗೆ. ಅಷ್ಟು ಜನರೆದುರಿಗೆ ನನಗೆ ನಾಚಿಕೆಯೂ ಆಗಲಿಲ್ಲ. "ನನ್ನ ಹತ್ರ ಇದ್ದಾಳೆ. ಚೆನ್ನಾಗಿ ನೋಡ್ಕೋತೀನಿ. ನೀನು ಯೋಚನೆ ಮಾಡ್ಬೇಡ, ಹೋಗು."

ಅದು ನನ್ನನ್ನು ಬಿಟ್ಟಿತು. ಕೊಂಬೆಯ ಕೆಳಗೆ ಹೋಗಿ ನಮ್ಮ ಹೊಗೆಯ ಜೊತೆ ಒಂದು ಗಳಿಗೆ ಕೂಡಿಕೊಂಡಿತು. ಆಮೇಲೆ ತೋಪಿನೊಳಗೆ, ಅವರ ಮರ ಬಿದ್ದು ಗುಣಿಯಾದ ಜಾಗಕ್ಕೆ ಹೋಗಿ, ಆ ಮಣ್ಣಿನಲ್ಲಿ ಇಳಿದುಹೋಯಿತು. ನಮ್ಮ ಹೊಗೆ ಓಡಿ ಬಂದು ದೇವೀರಿಯ ತಲೆಯನ್ನು ಸುತ್ತಿತು. ಇಷ್ಟು ದಿನದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವ ಹಾಗೆ ಸುತ್ತಿ ಸುತ್ತಿ, ಅವಳಿಗೆ ಕೆಮ್ಮು ಬಂತು. ಬಂಗಾರಯ್ಯ ತಟ್ಟೆಯ ಎಲೆಅಡಿಕೆಯನ್ನು ತಾವೇ ಬಾಯಿಗೆ ಹಾಕಿಕೊಂಡರು. ಹೊಂಬಾಳಮ್ಮ ನನ್ನ ಕೈ ಹಿಡಿದು "ಏನೇ ಪುಟ್ಟತಾಯಿ ಇದು, ಏನೇ ಇದು" ಎಂದು ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಿತ್ತು.

ಈಗ ಎಲ್ಲ ಸರಿಯಾಗಿದೆ. ನಮ್ಮ ಹೊಗೆ ಎದ್ದ ಕೂಡಲೇ ಮೊದಲು ಹೋಗುವುದು ದೇವೀರಿಯ ಹತ್ತಿರ, ಕೆಂಡ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ನನ್ನ ಸರದಿ ಬರುವುದು ಕರುವಿನ ನಂತರ. ಅದರ ನಿಯತ್ತೇ ಅಷ್ಟು, ಬಿಡಿ. ಅವಳ ತಂದೆ ಸಾಯಂಕಾಲ ನಮ್ಮ ಮನೆಗೆ ಬಂದು ಯಜಮಾನರ ಪಕ್ಕ ಕೂರುತ್ತಾರೆ. ಹೊಗೆ ಅವರನ್ನು ಇನ್ನೂ ಸುತ್ತುವುದಿಲ್ಲ, ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತದೆ. ಅಭ್ಯಾಸವಾಗಲಿ.

ಒಂದೊಂದು ದಿನ ದೇವೀರಿ ನಗುವುದಿಲ್ಲ. ಕೆಲಸವೆಲ್ಲ ಮಾಡುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ, ಆದರೆ ನಗುವುದಿಲ್ಲ. ಅವತ್ತು ಹಿತ್ತಲ ಬಾಗಿಲಲ್ಲಿ ಬಂದು ನಿಂತು, ಎತ್ತಲೋ ನೋಡುತ್ತ, "ಅತ್ತೆಮ್ಮ, ಆ ಹಸಿರಂಚಿನ ಸೀರೆ ಉಟ್ಕೊಳ್ಳಿ" ಅನ್ನುತ್ತಾಳೆ. ನಾನು ಪೆಟ್ಟಿಗೆಯಿಂದ ತೆಗೆದು ಉಟ್ಟು ಬಂದು ಕೂರುತ್ತೇನೆ. ಅವಳು ಪಕ್ಕದಲ್ಲಿ ಕೂತು ನನ್ನ ಸೆರಗಿಗೆ ಮುಖ ಒತ್ತಿ, ಮೆಲ್ಲಗೆ ಉಸಿರೆಳೆದುಕೊಳ್ಳುತ್ತ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರುತ್ತಾಳೆ. ಯಜಮಾನರು ಅತ್ತ ಬಂದವರು ಸದ್ದು ಮಾಡದೆ ತಿರುಗಿ ಹೋಗುತ್ತಾರೆ. ಆ ಹಬ್ಬ ಕಳೆದು ಬಹಳ ಕಾಲವಾಯಿತು, ಸೀರೆಯ ಅಂಚೆಲ್ಲ ಮಾಸಿದೆ, ತೋಪಿನ ಮಣ್ಣೂ ಹಾಗೇ ಇದೆ. ನಾನು ಅದನ್ನು ಒಗೆದಿಲ್ಲ.